ಮುಳುಗಡೆ ಊರುಗಳ ಮೂರು ಟ್ರಂಕು ಕಾಗದ ನಮ್ಮ ಓದುಮನೆಗೆ ಬಂದಿದೆ. ಎಲ್ಲಿಂದ ಶುರು ಮಾಡೋದು?

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಸಣ್ಣ ಊರಲ್ಲಿ ನಾವು ಏಳೆಂಟು ಜನ ಸೇರಿ ಓದುಮನೆ ನಡೆಸುತ್ತಿದ್ದೇವೆ. ಹಾಲಿನ ಡೇರಿ ಪಕ್ಕದ ಒಂದೇ ಕೋಣೆ. ಕಾದಂಬರಿ, ಮಕ್ಕಳ ಪುಸ್ತಕ, ಪೇಪರ್, ಅಷ್ಟೇ.

ಹೋದ ತಿಂಗಳು ಪಕ್ಕದ ಊರಿನ ಹಳೇ ಶಾನುಭೋಗರ ಮನೆ ಕೆಡವುವಾಗ ಮನೆಯವರು ಫೋನ್ ಮಾಡಿದರು. ಅಟ್ಟದಲ್ಲಿ ಮೂರು ಟ್ರಂಕು ಇದೆ, ಬೇಕಾದರೆ ತಗೊಂಡು ಹೋಗಿ, ಇಲ್ಲಾಂದ್ರೆ ಬಚ್ಚಲ ಒಲೆಗೆ ಹಾಕ್ತೀವಿ ಅಂದರು. ಪಿಕಪ್‌ನಲ್ಲಿ ಹಾಕಿಕೊಂಡು ಬಂದೆವು.

ತೆಗೆದು ನೋಡಿದರೆ ಕಂದಾಯದ ರಸೀದಿ, ಗೇಣಿ (ಗದ್ದೆ ಉಳೋರು ಒಡೆಯನಿಗೆ ಕೊಡೋ ಪಾಲು) ಚೀಟಿ, ಅಡವಿಟ್ಟು ಸಾಲ ಮಾಡಿದ ಭೋಗ್ಯಪತ್ರ, ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಈಗ ನೀರಿನ ಅಡಿಯಲ್ಲಿರೋ ಒಂದು ಶಾಲೆಯ ಹಾಜರಿ ಪುಸ್ತಕ. ಜೊತೆಗೆ ಒಂದು ಕಟ್ಟು ತುಂಬಾ ಮುಳುಗಡೆ ಪರಿಹಾರದ ನೋಟೀಸು. 14 ಫೋಟೊ ಇವೆ, ಒಂದರ ಹಿಂದೆಯೂ ಹೆಸರಿಲ್ಲ. ಕಪ್ಪಗಿನ ದಪ್ಪ ಬಟ್ಟೆ ಥರದ್ದೊಂದು ಇದೆ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಏನು ಅಂತ ನಮಗೆ ಯಾರಿಗೂ ಗೊತ್ತಾಗಲಿಲ್ಲ.

ಹೊರಗಿನವರಿಗೆ ಒಂದು ಮಾತು. ಇಲ್ಲಿ ಎರಡು ಸಲ ಮುಳುಗಡೆ ಆಗಿದೆ. ಮೊದಲು ಜೋಗದ ಕರೆಂಟಿಗಾಗಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು, ಅದು 1948ರ ಹೊತ್ತಿನ ಮಾತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಮುಗಿಯಿತು. 1819 ಅಡಿವರೆಗೆ ನೀರು ನಿಂತಾಗ ಊರು, ತೋಟ, ಗದ್ದೆಗಳ ಜೊತೆ ಆ ಹಳೇ ಅಣೆಕಟ್ಟೂ ಒಳಗೇ ಹೋಯಿತು. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ಅದು ಮತ್ತೆ ತಲೆ ಎತ್ತುತ್ತದೆ, ಜನ ಹೋಗಿ ಸೆಲ್ಫಿ ತಗೊಂಡು ಬರುತ್ತಾರೆ. ಊರುಗಳು ಹಾಗೆ ಮೇಲೆ ಬರೋದಿಲ್ಲ, ಬಂದರೂ ಬರೀ ಅಡಿಪಾಯದ ಕಲ್ಲು.

ನಮ್ಮಲ್ಲೇ ಮೂರು ಅಭಿಪ್ರಾಯ ಇದೆ. ಒಬ್ಬರು ಎಲ್ಲಾ ಲ್ಯಾಮಿನೇಷನ್ ಮಾಡಿಸೋಣ ಅಂತಾರೆ. ಇನ್ನೊಬ್ಬರು ಯಾವುದಾದರೂ ಮ್ಯೂಸಿಯಂಗೆ ಕೊಟ್ಟುಬಿಡೋಣ ಅಂತಾರೆ. ಮೂರನೆಯವರು ಮದುವೆ ಕಾಗದ ಎಲ್ಲ ಯಾಕೆ ಮಾರಾಯ್ರೆ, ಒಳ್ಳೇದು ಆರಿಸಿ ಉಳಿದದ್ದು ರದ್ದಿಗೆ ಹಾಕಿ ಅಂತಾರೆ. ನಾನು ಸದ್ಯಕ್ಕೆ ಎಲ್ಲದಕ್ಕೂ ತಡೆ ಹಾಕಿದ್ದೇನೆ. ಗೊತ್ತಿದ್ದವರು ಹೇಳಿ.

ಬೈಂಡಿಂಗ್ ಅಂಗಡಿ

ಲ್ಯಾಮಿನೇಷನ್ ಮಾತ್ರ ಬೇಡ ಸ್ವಾಮಿ. ಕೈ ಮುಗಿದು ಕೇಳ್ಕೋತೀನಿ.

ಮೂವತ್ತು ವರ್ಷದಿಂದ ಬೈಂಡಿಂಗ್ ಕೆಲಸ ಮಾಡ್ತಿದ್ದೇನೆ. ಲ್ಯಾಮಿನೇಷನ್ ಮಾಡಿಸಿದ ಕ್ರಯಪತ್ರ ಹಿಡಿದುಕೊಂಡು, ಒಳಗೆ ಹಳದಿ ಆಗ್ತಾ ಇದೆ, ತೆಗೆದುಕೊಡಿ ಅಂತ ತಿಂಗಳಿಗೊಬ್ಬರಾದರೂ ಬರ್ತಾರೆ. ತೆಗೆಯೋಕೆ ಆಗಲ್ಲ. ಬಿಸಿಗೆ ಪ್ಲಾಸ್ಟಿಕ್ ಕಾಗದದ ಜೊತೆ ಅಂಟಿಬಿಟ್ಟಿರುತ್ತದೆ, ಎಳೆದರೆ ಅಕ್ಷರ ಸಮೇತ ಬರುತ್ತದೆ. ಕಾಗದದಲ್ಲಿ ತೇವ ಇದ್ದರೆ ಅದೂ ಒಳಗೇ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತದೆ. ಸೆಲ್ಲೋಟೇಪ್ ಕೂಡ ಹಾಗೇ. ಐದಾರು ವರ್ಷಕ್ಕೆ ಟೇಪ್ ಒಣಗಿ ಉದುರುತ್ತದೆ, ಅಂಟಿನ ಕಂದು ಕಲೆ ಮಾತ್ರ ಉಳಿಯುತ್ತದೆ.

ಮೊದಲು ಮಾಡಬೇಕಾದ ಕೆಲಸ ಹೇಳ್ತೀನಿ. ಟ್ರಂಕಿನಿಂದ ಕಾಗದ ಆಚೆ ತೆಗೀರಿ, ಆ ಟ್ರಂಕು ತುಕ್ಕು ಹಿಡಿದೇ ಇರುತ್ತದೆ. ಬಿಸಿಲಿಗೆ ಹರವಬೇಡಿ, ಇಂಕು ಮಾಸುತ್ತದೆ. ನೆರಳಲ್ಲಿ, ಫ್ಯಾನ್ ನಿಧಾನಕ್ಕೆ ಹಾಕಿ, ಗಾಳಿ ನೇರ ಕಾಗದಕ್ಕೆ ಬೀಳದ ಹಾಗೆ ಒಣಗಿಸಿ. ಮೆತ್ತಗಿನ ಬ್ರಷ್ ಒಂದು ತಗೊಳ್ಳಿ, ಮಕ್ಕಳು ಪೇಂಟ್ ಮಾಡೋ ಅಗಲದ ಬ್ರಷ್ ಸಾಕು. ಮಧ್ಯದಿಂದ ಹೊರಗೆ ಧೂಳು ತಳ್ಳಬೇಕು. ಬೂಷ್ಟು ಹಿಡಿದದ್ದನ್ನ ಬೇರೆ ಇಟ್ಟು, ಮಾಸ್ಕ್ ಹಾಕಿಕೊಂಡೇ ಮುಟ್ಟಿ. ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದಿದ್ದರೆ ಎಳೀಬೇಡಿ, ಹಿಂದಿನಿಂದ ಕಾಲು ಬಿಡಿಸಿ ನಿಧಾನಕ್ಕೆ ತೆಗೀರಿ.

ನಿಮ್ಮ ಕಡೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಕಪಾಟನ್ನ ಗೋಡೆಗೆ ತಾಗಿಸಬೇಡಿ, ಅರ್ಧ ಅಡಿ ಬಿಡಿ. ಕೆಳಗೆ ಇಟ್ಟಿಗೆ ಕೊಡಿ. ವರಲೆ ಬಂದರೂ ಮೊದಲು ಕಣ್ಣಿಗೆ ಬೀಳುತ್ತದೆ.

ಬೆಂಗಳೂರಲ್ಲಿರೋ ಸಾಗರದವ

ಇಷ್ಟೆಲ್ಲ ಯಾಕೆ, ಸ್ಕ್ಯಾನ್ ಮಾಡಿ ನೆಟ್‌ಗೆ ಹಾಕಿಬಿಡಿ. ಇಂಟರ್ನೆಟ್ ಆರ್ಕೈವ್ ಉಚಿತ. ಸಂಚಯ, ಸರ್ವೆಂಟ್ಸ್ ಆಫ್ ನಾಲೆಡ್ಜ್ ತಂಡದವರು ಎಷ್ಟೊಂದು ಹಳೇ ಕನ್ನಡ ಪುಸ್ತಕ ಅಲ್ಲಿಗೆ ಹಾಕಿದ್ದಾರೆ, ನಾನೇ ದಿನಾ ಓದ್ತೀನಿ.

ಬರಹಕ್ಕೆ 300 ಡಿಪಿಐ, ಫೋಟೊಗೆ 600. ಮೂಲ ಫೈಲು ಟಿಫ್‌ನಲ್ಲಿ ಇಡಿ, ಹಂಚೋಕೆ ಜೆಪೆಗ್ ಮಾಡಿಕೊಳ್ಳಿ. ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಲ್ಲಿ, ಒಂದು ಊರಾಚೆ ಎಲ್ಲಾದರೂ. ಸಿಡಿಲು ಹೊಡೆದರೆ ಮೂರೂ ಒಟ್ಟಿಗೆ ಹೋಗಬಾರದು ಅಲ್ವಾ. ಫ್ಲಾಟ್‌ಬೆಡ್ ಸ್ಕ್ಯಾನರ್ ಒಂದು ನನ್ನ ಹತ್ತಿರ ಸುಮ್ನೆ ಬಿದ್ದಿದೆ, ಹಬ್ಬಕ್ಕೆ ಬರುವಾಗ ತರ್ತೀನಿ.

ಪಂಚಾಯಿತಿ ಲೈಬ್ರರಿ ಮೇಡಂ

ಸ್ಕ್ಯಾನರ್ ಬರಲಿ ತಮ್ಮಾ, ಬೇಡ ಅನ್ನಲ್ಲ. ಆದರೆ ನನ್ನ ಕಥೆ ಸ್ವಲ್ಪ ಕೇಳು.

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. 2019ರಲ್ಲಿ ನಮ್ಮನ್ನ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಸೇರಿಸಿದರು, ಈಗ ಬೋರ್ಡ್ ಮೇಲೆ ಅರಿವು ಕೇಂದ್ರ ಅಂತಿದೆ. ಕಂಪ್ಯೂಟರ್ ಬಂತು. ಆ ಉತ್ಸಾಹದಲ್ಲಿ ನಾನು, ಕಾಲೇಜು ಹುಡುಗರು ಮೂರು ಜನ ಸೇರಿ ಊರ ಮನೆಮನೆಗೆ ಹೋಗಿ ಹಳೇ ಫೋಟೊ, ಪತ್ರ ಎಲ್ಲ ಮೊಬೈಲಲ್ಲಿ ಹೊಡೆದುಕೊಂಡು ಬಂದೆವು. ಎರಡು ತಿಂಗಳಲ್ಲಿ 1,800 ಚಿಲ್ಲರೆ ಫೈಲು ಆಯಿತು. ಫೋಟೊ ತೆಗೆದದ್ದಕ್ಕೆ ಪೇಪರಲ್ಲೂ ಬಂತು ನಮ್ಮ ಸುದ್ದಿ.

ಈಗ ಆ ಫೋಲ್ಡರ್ ತೆಗೆದರೆ ನನಗೆ ಅಳು ಬರುತ್ತದೆ. ಎಲ್ಲಾ ಫೈಲಿನ ಹೆಸರೂ ಐಎಂಜಿ, ಮುಂದೆ ಒಂದು ನಂಬರು. ಯಾರ ಮನೆಯದ್ದು, ಯಾರ ಮುಖ, ಯಾವ ವರ್ಷ, ಒಂದೂ ಇಲ್ಲ. ಆಗ ನೆನಪಿರುತ್ತದೆ ಅಂದುಕೊಂಡಿದ್ದೆವು. ಹುಡುಗರು ಕೆಲಸ ಸಿಕ್ಕಿ ಹೋದರು. ಹೇಳುತ್ತಿದ್ದ ಅಜ್ಜಂದಿರಲ್ಲಿ ಇಬ್ಬರು ಕೊರೊನಾದಲ್ಲಿ ಹೋದರು. ಒಂದು ಫೋಟೊದಲ್ಲಿ ಜಾತ್ರೆ ತೇರಿನ ಮುಂದೆ ಐದು ಜನ ನಿಂತಿದ್ದಾರೆ, ಒಬ್ಬರ ಕೈಯಲ್ಲಿ ಕೊಡೆ. ಆ ಅಜ್ಜ ಐದೂ ಜನರ ಹೆಸರು ಹೇಳಿ, ಕೊಡೆ ಹಿಡಿದವನು ಯಾರ ಜೊತೆ ಜಗಳ ಆಡಿ ಊರು ಬಿಟ್ಟ ಅಂತ ಅರ್ಧ ಗಂಟೆ ನಗಿಸಿದ್ದರು. ಜಗಳ ನೆನಪಿದೆ. ಹೆಸರು ನೆನಪಿಲ್ಲ.

ಅದಕ್ಕೇ ಹೇಳೋದು. ಮೊದಲು ಸ್ಕ್ಯಾನರ್ ಅಲ್ಲ, ಮೊದಲು ಒಂದು 200 ಪುಟದ ನೋಟ್‌ಬುಕ್ಕು. ಪ್ರತಿ ಕಾಗದಕ್ಕೆ ಒಂದು ನಂಬರು. ಯಾರ ಮನೆಯಿಂದ ಬಂತು, ಯಾರು ಕೊಟ್ಟರು, ಯಾವತ್ತು, ಯಾವ ಟ್ರಂಕಿನ ಯಾವ ಕಟ್ಟಲ್ಲಿತ್ತು, ಏನಿದು, ಹೇಳಿದವರು ಯಾರು. ನಂಬರನ್ನ ಕಾಗದದ ಹಿಂದೆ ಮೂಲೆಯಲ್ಲಿ ಪೆನ್ಸಿಲಲ್ಲಿ ಬರೀರಿ, ಪೆನ್ನಲ್ಲಿ ಬೇಡ. ಸ್ಕ್ಯಾನ್ ಆದಮೇಲೆ ಫೈಲಿಗೂ ಅದೇ ನಂಬರೇ ಹೆಸರು. ಮತ್ತೆ ಕಟ್ಟು ಬಿಚ್ಚಿ ಎಲ್ಲ ಕಲಸಬೇಡಿ. ಶಾನುಭೋಗರು ಯಾವುದರ ಜೊತೆ ಯಾವುದನ್ನ ದಾರ ಕಟ್ಟಿಟ್ಟಿದ್ದರು ಅನ್ನೋದೂ ಒಂದು ವಿಷಯವೇ.

ಹಳೇಬರಹ

ಮೇಡಂ ಹೇಳಿದ್ದು ನೂರಕ್ಕೆ ನೂರು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯ ವಿಷಯ ಗೊತ್ತಲ್ವಾ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿತು, 1909ರಲ್ಲಿ ಅಚ್ಚಾಯಿತು, ಪ್ರಪಂಚವೇ ತಿರುಗಿ ನೋಡಿತು. ಅದನ್ನ ತಂದುಕೊಟ್ಟವರು ಯಾರು ಅಂದರೆ ಇವತ್ತಿಗೂ 'ತಂಜಾವೂರು ಕಡೆಯ ಒಬ್ಬ ಪಂಡಿತರು' ಅಂತಲೇ ಹೇಳುತ್ತಾರೆ. ಒಂದು ಸಾಲು ಯಾರಾದರೂ ಬರೆದಿಟ್ಟಿದ್ದರೆ ಆ ಮನುಷ್ಯನಿಗೂ ಒಂದು ಹೆಸರು ಇರುತ್ತಿತ್ತು.

ಹೊಳೆದಂಡೆ

ನೋಟ್‌ಬುಕ್ಕು ತಂದಾಯಿತು ಮೇಡಂ. ಲ್ಯಾಮಿನೇಷನ್ ಪಾರ್ಟಿಯವರಿಗೂ ಬೈಂಡಿಂಗ್ ಅಣ್ಣನ ಬರಹ ಓದಿಸಿದೆ, ಸುಮ್ಮನಾದರು.

ಆ ಕಪ್ಪು ಬಟ್ಟೆ ವಿಷಯ ಯಾರೂ ಹೇಳಲಿಲ್ಲ. ಅಗಲ ಒಂದು ಗೇಣು. ಮಡಿಕೆ ಬಿಚ್ಚುತ್ತಾ ಹೋದರೆ ಕೋಣೆಯ ಉದ್ದಕ್ಕೂ ಬರುತ್ತದೆ. ಮುಟ್ಟಿದರೆ ಹಲಗೆ ಥರ ಒರಟು. ಮೇಲೆ ಬೆಳ್ಳಗೆ ಏನೋ ಗೀಚಿದ ಹಾಗಿದೆ, ಧೂಳೋ ಅಕ್ಷರವೋ ತಿಳಿಯಲ್ಲ. ನಾಳೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡೋಣ ಅಂತಿದ್ದೇವೆ.

ಧಾರವಾಡ ದಫ್ತರ

ಒರೆಸಬ್ಯಾಡ್ರಿ! ನೀರು ಮುಟ್ಟಿಸಬ್ಯಾಡ್ರಿ! ಇದನ್ನ ಓದಿದ ಕೂಡಲೇ ಒಂದು ಸಾಲು ಉತ್ತರ ಹಾಕ್ರಿ, ಆಮೇಲೆ ಉಳಿದದ್ದು ಹೇಳ್ತೀನಿ.

ಹೊಳೆದಂಡೆ

ಒರೆಸಿಲ್ಲ ಒರೆಸಿಲ್ಲ. ಹೇಳಿ ಸರ್.

ಧಾರವಾಡ ದಫ್ತರ

ಅಬ್ಬಾ. ಅದು ಕಡತ. ಈಗ ಆಫೀಸಲ್ಲಿ ಫೈಲಿಗೆ ಕಡತ ಅಂತೀವಲ್ಲ, ಆ ಪದ ಬಂದದ್ದೇ ಇದರಿಂದ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿದು ಒಣಗಿಸಿ, ಬೀಸಣಿಗೆಯ ಹಾಗೆ ಮಡಚಿ ಇಡುತ್ತಿದ್ದರು. ಬರೆಯೋದು ಬಳಪದಲ್ಲಿ. ಅಂದರೆ ನಿಮಗೆ ಧೂಳು ಅಂತ ಕಂಡದ್ದೇ ಅಕ್ಷರ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು, ಅದಕ್ಕೇ ಲೆಕ್ಕ ಬರೆಯೋರಿಗೆ ಇಷ್ಟ. ನೀವು ಒದ್ದೆ ಬಟ್ಟೆ ಹಾಕಿದ್ದರೆ ನೂರು ನೂರೈವತ್ತು ವರ್ಷದ ಲೆಕ್ಕ ಒಂದು ನಿಮಿಷದಲ್ಲಿ ಹೋಗ್ತಿತ್ತು.

ಶೃಂಗೇರಿ ಮಠದಲ್ಲಿ ಇಂಥ ಕಡತಗಳಿವೆ. ಅಲ್ಲೇ 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರು ಟಿಪ್ಪು ಸುಲ್ತಾನ ಮಠಕ್ಕೆ ಬರೆದ ಕನ್ನಡ ಪತ್ರಗಳನ್ನ ಕಂಡರು. ಆ ಕಾಗದ ಯಾರೋ ಕಾಪಾಡಿದ್ದಕ್ಕೆ ಆ ಸಂಗತಿ ನಮಗೆ ಗೊತ್ತು.

ನಿಮ್ಮ ಕಡತದ ಮೇಲೆ ಬ್ರಷ್ಷೂ ಆಡಿಸಬೇಡಿ. ಫೋಟೊ ತೆಗೆಯುವಾಗ ದೀಪವನ್ನ ಮೇಲಿನಿಂದ ಬಿಡದೆ ಪಕ್ಕದಿಂದ ಬಿಡಿ, ಬಳಪದ ಗೆರೆ ಎದ್ದು ಕಾಣುತ್ತದೆ. ಆಮೇಲೆ ಮಡಚಿ ಗಂಜಿ ತೆಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಮೊದಲು ಕೆಂಪು ಬಟ್ಟೆ ಸುತ್ತುತ್ತಿದ್ದರು, ಆದರೆ ತೇವಕ್ಕೆ ಬಣ್ಣ ಬಿಡುತ್ತದೆ. ಹುಳ ಬರದ ಹಾಗೆ ಬಜೆ ಬೇರು ನಾಲ್ಕು ತುಂಡು ಪಕ್ಕಕ್ಕಿಡಿ, ಹಳೇ ಓಲೆಗರಿ ಕಟ್ಟುಗಳಲ್ಲೂ ಅದೇ ಇರುತ್ತಿತ್ತು. ನಮ್ಮ ಕಡೆ ಪೇಶ್ವೆ ಕಾಲದ ದಫ್ತರಗಳು ಮರಾಠಿಯ ಹಳೇ ಮೋಡಿ ಲಿಪಿಯಲ್ಲಿ ಇರೋದರಿಂದ ಓದೋರು ಸಿಗೋದೇ ಕಷ್ಟ. ನಿಮ್ಮದು ಕನ್ನಡವೇ ಇರುತ್ತದೆ. ಒಂದು ಮಡಿಕೆ ಫೋಟೊ ಇಲ್ಲಿ ಹಾಕಿ, ಕೂತು ಓದೋಣ. ಕೆಳದಿ ನಿಮಗೆ ಹತ್ತಿರ ಅಲ್ವಾ, ಅಲ್ಲಿಯ ವಸ್ತುಸಂಗ್ರಹಾಲಯಕ್ಕೂ ಒಂದು ಸಲ ಹೋಗಿ ಬನ್ನಿ. ಗುಂಡಾ ಜೋಯಿಸರು ಒಬ್ಬೊಬ್ಬರ ಮನೆ ಬಾಗಿಲಿಗೆ ಹೋಗಿ ಕೂಡಿಸಿದ ಓಲೆಗರಿಗಳು ಅಲ್ಲಿವೆ. ಹೇಗೆ ಇಟ್ಟಿದ್ದಾರೆ ಅಂತ ಕಣ್ಣಲ್ಲಿ ನೋಡಿದರೆ ನಾವು ನೂರು ಸಲ ಬರೆದದ್ದಕ್ಕಿಂತ ಜಾಸ್ತಿ ತಿಳಿಯುತ್ತದೆ.

ನೇರಮಾತು

ಎಲ್ಲ ಚೆನ್ನಾಗಿದೆ. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಶಾನುಭೋಗರ ಮನೆ ಟ್ರಂಕು ಅಂದರೆ ಬರೆಯೋಕೆ ಬರುತ್ತಿದ್ದವರ ಟ್ರಂಕು. ಗೇಣಿ ಚೀಟಿಯಲ್ಲಿ ಒಡೆಯ ಏನು ಬರೆದನೋ ಅದು ಇರುತ್ತದೆ. ಅಳೆದು ಕೊಟ್ಟವನ ಮಾತು ಎಲ್ಲಿರುತ್ತದೆ? ನಿಮ್ಮ ತಾಲ್ಲೂಕಲ್ಲೇ 1951ರಲ್ಲಿ ಕಾಗೋಡು ಸತ್ಯಾಗ್ರಹ ಆಯಿತು. ಜಗಳ ಶುರುವಾದದ್ದು ಕೊಳಗದ ಅಳತೆಗೆ. ಗೇಣಿ ಭತ್ತ ಅಳೆಯೋ ಕೊಳಗ ದೊಡ್ಡದು ಅಂತ ಒಕ್ಕಲು ಜನ ಎದ್ದು ನಿಂತರು. ಗಣಪತಿಯಪ್ಪನವರು ಮುಂದೆ ನಿಂತರು, ಸೋಷಲಿಸ್ಟರು ಜೊತೆಯಾದರು, ಲೋಹಿಯಾ ಬಂದು ಜೈಲಿಗೆ ಹೋದರು. ಗೇಣಿ ಚೀಟಿಯಲ್ಲಿ 'ಇಷ್ಟು ಕೊಳಗ' ಅಂತ ಬರೆದಿರುತ್ತದೆ. ಆ ಕೊಳಗ ಎಷ್ಟು ದೊಡ್ಡದಿತ್ತು ಅಂತ ಬರೆದಿರುತ್ತದಾ?

ನಮ್ಮಜ್ಜಿ ದೀವರ ಮನೆಯವಳು. ಒಂದು ಅಕ್ಷರ ಬರುತ್ತಿರಲಿಲ್ಲ. ಮಣ್ಣಿನ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುತ್ತಿದ್ದಳು, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಹಾಕುತ್ತಿದ್ದಳು. ಆ ಗೋಡೆ ಮುಳುಗಿತು. ಯಾವ ಟ್ರಂಕಲ್ಲೂ ಅದಿಲ್ಲ. ನೀವು ಕಾಗದ ಮಾತ್ರ ಕೂಡಿಟ್ಟು ಇದೇ ಊರಿನ ಇತಿಹಾಸ ಅಂದರೆ, ಅದು ನಾಲ್ಕು ಮನೆಯ ಇತಿಹಾಸ.

ಹೊಳೆದಂಡೆ

ಬೇಜಾರಿಲ್ಲ. ನಾನು ಇದನ್ನ ಯೋಚನೆ ಮಾಡಿರಲಿಲ್ಲ, ನಿಜ.

ಪಂಚಾಯಿತಿ ಲೈಬ್ರರಿ ಮೇಡಂ

ನೇರಮಾತು ಹೇಳಿದ್ದು ಸರಿ. ಮಾತನ್ನೂ ಕೂಡಿಡಿ. ಮೊಬೈಲ್ ರೆಕಾರ್ಡರ್ ಸಾಕು. ಫ್ಯಾನ್ ಆಫ್ ಮಾಡಿ, ಟಿವಿ ಆಫ್ ಮಾಡಿಸಿ. ಶುರುವಲ್ಲೇ ದಿನ, ಊರು, ಮಾತಾಡುವವರ ಹೆಸರು ಹೇಳಿಬಿಡಿ. 'ಮುಳುಗಡೆ ಬಗ್ಗೆ ಹೇಳಿ' ಅಂತ ಕೇಳಿದರೆ ಎಲ್ಲರೂ ಒಂದೇ ಥರ, ಭಾಷಣದ ಹಾಗೆ ಹೇಳ್ತಾರೆ. 'ಹೊರಡೋ ದಿನ ಏನು ಅಡುಗೆ ಮಾಡಿದ್ರಿ, ದನ ಎಲ್ಲಿ ಬಿಟ್ರಿ, ಕೊಳಗ ಎಷ್ಟು ದೊಡ್ಡದಿತ್ತು ಕೈಯಲ್ಲಿ ತೋರಿಸಿ' ಅಂತ ಕೇಳಿ. ಹೆಂಗಸರನ್ನ ಬೇರೆ ಕೂರಿಸಿ ಕೇಳಿ. ಗಂಡಸರು ಪಕ್ಕದಲ್ಲಿದ್ದರೆ ಎಲ್ಲದಕ್ಕೂ ಅವರೇ ಉತ್ತರ ಕೊಡ್ತಾರೆ.

ಅಡಿಕೆ ಚೀಲ

ಮಧ್ಯೆ ಬಾಯಿ ಹಾಕ್ತೀನಿ. ನಮ್ಮ ಮನೆಯವರು ಮುಳುಗಡೆಯಾಗಿ ಶಿವಮೊಗ್ಗ ಕಡೆ ಬಂದವರು. ಸರ್ಕಾರ ಕೊಟ್ಟ ಜಾಗಕ್ಕೆ ಇವತ್ತಿಗೂ ಸರಿಯಾದ ಹಕ್ಕುಪತ್ರ ಇಲ್ಲ. ಅರಣ್ಯದ ಜಾಗ ಅಂತಾರೆ, ಕಂದಾಯದ್ದು ಅಂತಾರೆ. ಅಜ್ಜ ಓಡಾಡಿದರು, ಅಪ್ಪ ಓಡಾಡಿದರು, ಈಗ ನಾನು. ಕಚೇರಿಗೆ ಹೋದರೆ ಮೂಲ ಊರಿನ ದಾಖಲೆ ತನ್ನಿ ಅಂತಾರೆ. ಮೂಲ ಊರು ನೀರಲ್ಲಿದೆ, ದಾಖಲೆ ಎಲ್ಲಿಂದ ತರಲಿ?

ನಿಮ್ಮ ಪರಿಹಾರದ ನೋಟೀಸು ಕಟ್ಟಲ್ಲಿ ನಮ್ಮಜ್ಜನ ಹೆಸರಿದೆಯಾ ನೋಡ್ತೀರಾ? ಹೆಸರು, ಊರು ಖಾಸಗಿಯಾಗಿ ಕಳಿಸ್ತೀನಿ. ನಿಮಗೆ ಇದು ಇತಿಹಾಸ ಇರಬಹುದು, ನಮಗೆ ಇನ್ನೂ ಕೇಸು.

ಬೆಂಗಳೂರಲ್ಲಿರೋ ಸಾಗರದವ

ನೋಡಿ, ಇದಕ್ಕೇ ಎಲ್ಲ ನೆಟ್‌ಗೆ ಹಾಕಿ ಅಂದದ್ದು. ಹಾಕಿದ್ದಿದ್ದರೆ ಇವರೇ ಹುಡುಕಿಕೊಳ್ಳುತ್ತಿದ್ದರು.

ತೋಟದ ಬೇಲಿ

ನಾನು ಒಪ್ಪಲ್ಲ. ಭೋಗ್ಯಪತ್ರದಲ್ಲಿ ಯಾರು ಯಾರ ಹತ್ತಿರ ಎಷ್ಟು ಸಾಲ ಮಾಡಿದ್ದರು, ಯಾರು ಹೆಂಡತಿ ಒಡವೆ ಇಟ್ಟಿದ್ದರು ಎಲ್ಲ ಇರುತ್ತದೆ. ಹಳೇ ಕಾಗದದಲ್ಲಿ ಜಾತಿ ಹೆಸರು ಹಿಡಿದು ಬೈಗುಳದ ಥರ ಬರೆದಿರುತ್ತಾರೆ. ಅವರ ಮೊಮ್ಮಕ್ಕಳು ಇದೇ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾರೆ. ಸರ್ವೆ ನಂಬರ್ ಸಮೇತ ನೆಟ್‌ಗೆ ಹಾಕಿದರೆ ಮೊದಲು ಓದೋರು ಸಂಶೋಧಕರಲ್ಲ, ಜಮೀನು ಬ್ರೋಕರ್‌ಗಳು.

ಪಟ್ಟಿ ಮಾತ್ರ ಎಲ್ಲರಿಗೂ ಕಾಣೋ ಹಾಗೆ ಹಾಕಿ. 'ಪರಿಹಾರದ ನೋಟೀಸು, ಇಂಥ ಊರು, ಇಂಥ ವರ್ಷ' ಅಷ್ಟು ಸಾಕು. ಕಾಗದ ನೋಡಬೇಕಾದವರು ಓದುಮನೆಗೆ ಬರಲಿ, ಪುಸ್ತಕದಲ್ಲಿ ಸಹಿ ಮಾಡಿ ನೋಡಲಿ. ಯಕ್ಷಗಾನದ ಹ್ಯಾಂಡ್‌ಬಿಲ್ಲು, ಜಾತ್ರೆ ಕರಪತ್ರ ಇಂಥವನ್ನ ಧಾರಾಳವಾಗಿ ಹಾಕಿ, ಯಾರಿಗೂ ನೋವಿಲ್ಲ. ಕಾಗದಪತ್ರ ಬರೆದವರ ಮನೆಯವರನ್ನ ಒಂದು ಮಾತು ಕೇಳೋದು ಒಳ್ಳೇದು. ಬರೆದವರು ತೀರಿಕೊಂಡ ಮೇಲೂ ಬರಹದ ಹಕ್ಕು ಅವರ ವಾರಸುದಾರರದ್ದು ಇರಬಹುದು.

ಬೆಂಗಳೂರಲ್ಲಿರೋ ಸಾಗರದವ

ಸರಿ, ಬ್ರೋಕರ್ ವಿಷಯ ನನಗೆ ಹೊಳೆದಿರಲಿಲ್ಲ. ಪಟ್ಟಿಗೆ ಒಪ್ಪಿದೆ. ಆದರೆ ಮುಚ್ಚಿಟ್ಟು ಮುಚ್ಚಿಟ್ಟು ವರಲೆಗೆ ಕೊಡಬೇಡಿ, ಅಷ್ಟೇ ನನ್ನ ಭಯ. ಈಗ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮುಗಳನ್ನೇ ಭೂ ಸುರಕ್ಷಾ ಅಂತ ಸ್ಕ್ಯಾನ್ ಮಾಡ್ತಿದ್ದಾರೆ ಅಲ್ವಾ.

ಹಳೇಬರಹ

ಇನ್ನೊಂದು ವಿಷಯ. ಪಟೇಲರು, ಶಾನುಭೋಗರು ಅನ್ನೋ ವಂಶದ ಹುದ್ದೆ ಹೋದದ್ದು 1961ರ ಕಾಯ್ದೆಯಿಂದ, ಜಾರಿಗೆ ಬಂದದ್ದು 1963ರಲ್ಲಿ. ಆಗ ದಫ್ತರ ಒಪ್ಪಿಸುವಾಗ ಎಷ್ಟೋ ಕಾಗದ ಮನೆಯಲ್ಲೇ ಉಳಿಯಿತು. ಹಾಗಾಗಿ ನಿಮ್ಮ ಟ್ರಂಕಲ್ಲಿ ಸರ್ಕಾರದ ಮೊಹರಿನ ಮೂಲ ದಾಖಲೆ ಇದ್ದರೆ ಬೇರೆ ಕಟ್ಟು ಮಾಡಿ. ರಾಜ್ಯ ಪತ್ರಾಗಾರ ಇಲಾಖೆಗೆ ಒಂದು ಪತ್ರ ಹಾಕಿ ಕೇಳಿ. ಕೊಟ್ಟರೂ ಪ್ರತಿ ಇಟ್ಟುಕೊಂಡು, ರಸೀದಿ ತಗೊಂಡು ಕೊಡಿ.

ಅಟ್ಟದ ಬೆಕ್ಕು

ರಸೀದಿ ಅಂದಾಗ ನೆನಪಾಯಿತು. ನಮ್ಮ ಮನೆಯಲ್ಲಿ ತಾಳಮದ್ದಲೆ ಪ್ರಸಂಗದ ಕೈಬರಹದ ಪುಸ್ತಕ ಇತ್ತು, ನಮ್ಮ ಮುತ್ತಜ್ಜನ ಕೈಯದ್ದು. ಹದಿನೈದು ವರ್ಷದ ಹಿಂದೆ ಒಬ್ಬರು ಬಂದರು. ಸಂಶೋಧನೆ, ಝೆರಾಕ್ಸ್ ಮಾಡಿಸಿ ವಾರದಲ್ಲಿ ಕೊಡ್ತೀನಿ ಅಂದರು. ಅಮ್ಮ ಕಾಫಿ ಕೊಟ್ಟು, ಒಂದು ಚೀಲ ಬಾಳೆಕಾಯಿನೂ ಕೊಟ್ಟು ಕಳಿಸಿದಳು. ಆ ವಾರ ಇನ್ನೂ ಮುಗಿದಿಲ್ಲ. ಈಗ ಯಾರು ಹಳೇದು ಕೇಳಿಕೊಂಡು ಬಂದರೂ ಅಮ್ಮ 'ಏನೂ ಇಲ್ಲ' ಅಂತ ಬಾಗಿಲಲ್ಲೇ ಹೇಳ್ತಾಳೆ. ಇದೆ. ಆದರೂ ಇಲ್ಲ ಅಂತಾಳೆ.

ನೀವು ಹಾಗೆ ಮಾಡಬೇಡಿ. ಕೊಡುವವರಿಗೆ ಚೀಟಿ ಕೊಡಿ. ದಾನವಾ, ಎರವಲಾ, ಎಷ್ಟು ದಿನ, ಎಷ್ಟು ಹಾಳೆ. ಆಗೋದಾದರೆ ಸ್ಕ್ಯಾನರನ್ನೇ ಅವರ ಜಗಲಿಗೆ ತಗೊಂಡು ಹೋಗಿ, ಮೂಲ ಅಲ್ಲೇ ಬಿಟ್ಟು ಬನ್ನಿ.

ಕುಡ್ಲದ ಪೇಪರ್

ರದ್ದಿಗೆ ಹಾಕಿ ಅಂದವರಿಗೆ ಒಂದು ಮಾತು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ, 1843ರ ಜುಲೈ 1ಕ್ಕೆ ಜರ್ಮನ್ ಪಾದ್ರಿ ಮೊಗ್ಲಿಂಗ್ ಶುರು ಮಾಡಿದ್ದು, ಕಲ್ಲಚ್ಚಿನಲ್ಲಿ ತೆಗೆದದ್ದು. ಓದಿ ಬಿಸಾಡೋ ನಾಲ್ಕು ಪುಟ ಅಂತ ಆಗ ಎಷ್ಟು ಜನ ಉಪ್ಪಿನಕಾಯಿ ಭರಣಿಗೆ ಮುಚ್ಚಿದರೋ. ಯಾರೋ ಇಟ್ಟುಕೊಂಡಿದ್ದರಿಂದ ಇವತ್ತು ಜುಲೈ 1ಕ್ಕೆ ಪತ್ರಿಕಾ ದಿನ ಅಂತ ಮಾಡ್ತೇವೆ.

ನಿಮ್ಮ ಯಕ್ಷಗಾನದ ಹ್ಯಾಂಡ್‌ಬಿಲ್ಲಲ್ಲಿ ಮೇಳದ ಹೆಸರು, ವೇಷಧಾರಿಗಳು, ಟಿಕೆಟ್ ದರ, ಯಾವ ಊರಿನ ಯಾವ ಬಯಲು ಎಲ್ಲ ಇರುತ್ತದೆ. ಆ ಬಯಲು ಈಗ ನೀರಲ್ಲಿದ್ದರೆ, ಅಲ್ಲಿ ಒಂದು ರಾತ್ರಿ ಆಟ ಆಗಿತ್ತು ಅನ್ನೋದಕ್ಕೆ ಆ ಚೀಟಿ ಒಂದೇ ಸಾಕ್ಷಿ. ಮದುವೆ ಕಾಗದವೂ ಅಷ್ಟೇ, ಯಾವ ಊರಿಗೂ ಯಾವ ಊರಿಗೂ ಸಂಬಂಧ ಇತ್ತು ಅಂತ ಅದರಲ್ಲೇ ತಿಳಿಯೋದು.

ತುಮರಿ ಲಾಂಚು

ಹಳೇದು ಮಾತ್ರ ಯಾಕೆ. 2025ರ ಜುಲೈನಲ್ಲಿ ಲಿಂಗನಮಕ್ಕಿ ಹಿನ್ನೀರಿಗೆ ಅಂಬಾರಗೋಡ್ಲು ಸೇತುವೆ ಆಯಿತು. ಅದಕ್ಕೆ ಮುಂಚೆ ಕರೂರು, ಬಾರಂಗಿ ಹೋಬಳಿಯವರೆಲ್ಲ ಹೊಳೆಬಾಗಿಲಲ್ಲಿ ಲಾಂಚ್ ಕಾದು ಕಾದು ಅರ್ಧ ಆಯಸ್ಸು ಕಳೆದಿದ್ದೇವೆ. ಬಾಣಂತಿಯರು, ಹೆಣ, ಗಂಡಿನ ದಿಬ್ಬಣ, ಸಿಗಂದೂರಿಗೆ ಬರೋ ಭಕ್ತರು ಎಲ್ಲ ಅದೇ ಲಾಂಚಲ್ಲಿ. ಆ ಟಿಕೆಟ್ಟು ಯಾರಾದರೂ ಇಟ್ಟಿದ್ದೀರಾ? ನನ್ನ ಹತ್ತಿರ ಒಂದೇ ಇತ್ತು, ಪ್ಯಾಂಟಿನ ಜೊತೆ ವಾಷಿಂಗ್ ಮಷೀನಿಗೆ ಹೋಯಿತು. ಇನ್ನು ಐವತ್ತು ವರ್ಷಕ್ಕೆ ಯಾರೋ ಇದಕ್ಕೂ ಟ್ರಂಕು ಹುಡುಕ್ತಾರೆ ನೋಡಿ.

ಹೊಳೆದಂಡೆ

ಎರಡು ತಿಂಗಳಾಯಿತು, ಏನಾಯಿತು ಅಂತ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತದೆ.

ಮೊದಲ ಟ್ರಂಕು ಮುಗಿಯಿತು. ನೋಟ್‌ಬುಕ್ಕಲ್ಲಿ 312ನೇ ನಂಬರಿಗೆ ನಿಂತಿದ್ದೇವೆ. ಭಾನುವಾರ ಮಾತ್ರ ಕೂರ್ತೀವಿ, ಆರು ಜನ. ಲ್ಯಾಮಿನೇಷನ್ ಅಂದವರೇ ಈಗ ಬ್ರಷ್ ಹಿಡಿಯೋಕೆ ಎಲ್ಲರಿಗಿಂತ ಮುಂದೆ. ಖರ್ಚು ಜಾಸ್ತಿ ಆಗಲಿಲ್ಲ. ಬ್ರಷ್, ಹತ್ತಿ ಬಟ್ಟೆ, ಪೆನ್ಸಿಲ್, ಮುಚ್ಚಳ ಇರೋ ರಟ್ಟಿನ ಡಬ್ಬಿ. ತೇವ ಎಳೆಯೋಕೆ ಸಿಲಿಕಾ ಜೆಲ್ ಇಟ್ಟಿದ್ದೇವೆ, ನೀಲಿ ಹರಳು ಗುಲಾಬಿ ಆದರೆ ಬದಲಿಸಬೇಕು. ಈ ಮಳೆಗೆ ನಾಲ್ಕೇ ದಿನಕ್ಕೆ ಗುಲಾಬಿ.

ಕಡತದ ಎರಡು ಮಡಿಕೆ ಧಾರವಾಡದ ಸರ್ ಓದಿಕೊಟ್ಟರು. ಅಡಿಕೆ, ಉಪ್ಪು, ಎತ್ತಿನ ಬಾಡಿಗೆ ಲೆಕ್ಕ. ಯುದ್ಧ, ರಾಜರು ಏನೂ ಇಲ್ಲ. ನಮಗೆ ಖುಷಿಯೇ ಆಯಿತು.

ಈಗ ಮುಖ್ಯ ವಿಷಯ. 14 ಫೋಟೊದಲ್ಲಿ ಒಂದಕ್ಕೆ ನಾವು 88 ಅಂತ ನಂಬರ್ ಹಾಕಿದ್ದೆವು. ಮನೆ ಮುಂದೆ ಇಡೀ ಸಂಸಾರ ನಿಂತಿದೆ. ಹಿಂದೆ ಮನೆಗೆ ಮಾಡಿನ ಪಕಾಸಿ, ರೀಪು ಕಾಣುತ್ತದೆ, ಹೆಂಚಿಲ್ಲ. ಅಂಗಳದ ಒಂದು ಮೂಲೆಯಲ್ಲಿ ಹೆಂಚಿನ ಸಾಲು ಜೋಡಿಸಿದೆ. ಹೆಂಗಸರು ಒಳ್ಳೇ ಸೀರೆ ಉಟ್ಟಿದ್ದಾರೆ, ಒಬ್ಬ ಹುಡುಗನ ತಲೆಗೆ ಎಣ್ಣೆ ಹಾಕಿ ಬಾಚಿದ್ದಾರೆ. ನಾವು ಆರೂ ಜನ ನೋಡಿ, 'ಹೊಸ ಮನೆ ಕಟ್ಟುವಾಗಿನ ಫೋಟೊ, ಗೃಹಪ್ರವೇಶಕ್ಕೆ ಮುಂಚೆ ಇರಬಹುದು' ಅಂತ ನೋಟ್‌ಬುಕ್ಕಲ್ಲಿ ಬರೆದೆವು.

ಕಳೆದ ವಾರ ನೇರಮಾತು ಅವರ ಮಾತು ನೆನೆದು, ಆ ಕಡೆಯ ಒಬ್ಬ ಅಜ್ಜಿಯ ಹತ್ತಿರ ಮಾತಾಡಿಸೋಕೆ ಹೋಗಿದ್ದೆವು. ಎಂಬತ್ತರ ಮೇಲೆ ವಯಸ್ಸು. ಮೊದಲು ಮೇಡಂ ಹೇಳಿಕೊಟ್ಟ ಹಾಗೆ ಕೊಳಗ ಎಷ್ಟು ದೊಡ್ಡದಿತ್ತು ಅಂತ ಕೇಳಿದೆವು. ಎರಡೂ ಕೈ ಅಗಲಿಸಿ ತೋರಿಸಿ, ಆಮೇಲೆ ಇನ್ನೊಂಚೂರು ಅಗಲಿಸಿ, 'ನಮ್ಮತ್ರ ತಗೊಳೋ ಹೊತ್ತಿಗೆ ಇಷ್ಟು' ಅಂತ ನಕ್ಕರು. ಫೋಟೊ ತೋರಿಸಿದೆವು. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಮನೆ ಕಟ್ಟುವಾಗಿನದ್ದಾ ಅಜ್ಜಿ ಅಂದೆ.

'ಕಟ್ಟೋದಲ್ಲ ಮಗಾ, ಬಿಚ್ಚೋದು. ಹೆಂಚು ಇಳಿಸಿ ಆಗಿತ್ತು. ಲಾರಿ ಬರೋದು ತಡ ಆಯ್ತು. ಅಷ್ಟರಲ್ಲಿ ಪೇಟೆಯಿಂದ ಫೋಟೊದವನು ಬಂದಿದ್ದ, ಎಲ್ಲರನ್ನೂ ನಿಲ್ಲಿಸಿದ್ರು.'

ಎಣ್ಣೆ ಹಾಕಿ ಬಾಚಿದ ಹುಡುಗ ಅವರ ತಮ್ಮನಂತೆ. ಎಲ್ಲರ ಹೆಸರೂ ಹೇಳಿದರು. ಹೆಂಚಿನ ಸಾಲಿನ ಹಿಂದೆ ಬಾಗಿಲ ದಾರಂದ ಒಂದು ಮಲಗಿಸಿದ್ದಾರೆ, ನಮಗೆ ಕಂಡಿರಲೇ ಇಲ್ಲ. ಅದೇ ದಾರಂದವನ್ನ ಲಾರಿಯಲ್ಲಿ ತಂದು ಈಗಿನ ಮನೆಗೆ ಕೂರಿಸಿದ್ದಾರೆ. ನಾವು ಕೂತು ಮಾತಾಡುತ್ತಿದ್ದದ್ದು ಅದರ ಪಕ್ಕದಲ್ಲೇ.

ನೋಟ್‌ಬುಕ್ಕಲ್ಲಿ ಮೊದಲು ಬರೆದದ್ದನ್ನ ಅಳಿಸಲಿಲ್ಲ. ಅದರ ಕೆಳಗೆ ಬೇರೆ ಬಣ್ಣದಲ್ಲಿ ಅಜ್ಜಿ ಹೇಳಿದ್ದು, ದಿನ, ಕೇಳಿದವರ ಹೆಸರು ಹಾಕಿದ್ದೇವೆ. ಇನ್ನೂ 13 ಫೋಟೊ ಇವೆ. ಎಷ್ಟರಲ್ಲಿ ನಾವು ಹೀಗೆ ತಲೆಕೆಳಗು ಬರೆದಿದ್ದೇವೋ.

ಪಂಚಾಯಿತಿ ಲೈಬ್ರರಿ ಮೇಡಂ

ಅಳಿಸದೆ ಇದ್ದದ್ದು ಒಳ್ಳೇದಾಯಿತು. ನನ್ನ ಆ 1,800 ಫೈಲು ನಾನೂ ಒಂದೊಂದಾಗಿ ಪ್ರಿಂಟ್ ಹಾಕಿಸಿ ಊರಲ್ಲಿ ತೋರಿಸ್ತಿದ್ದೇನೆ. ಕೊಡೆ ಹಿಡಿದವನ ಹೆಸರು ಇನ್ನೂ ಸಿಕ್ಕಿಲ್ಲ.

ನೇರಮಾತು

ಅಜ್ಜಿ ಕೈ ಅಗಲಿಸಿದ್ದು ವಿಡಿಯೊ ಮಾಡಿದ್ರಾ? ಬರೀ ಧ್ವನಿ ಇದ್ದರೆ ಅದು ಗೊತ್ತಾಗಲ್ಲ.

ಹೊಳೆದಂಡೆ

ಇಲ್ಲ. ಧ್ವನಿ ಮಾತ್ರ. ಈ ಭಾನುವಾರ ಮತ್ತೆ ಹೋಗ್ತೀವಿ, ಅಳತೆ ಟೇಪ್ ಹಿಡಿದುಕೊಂಡೇ.

ಅಡಿಕೆ ಚೀಲ

ನಾನು ಕಳಿಸಿದ ಹೆಸರು ಏನಾಯಿತು ಅಂತ ಕೇಳೋಕೆ ಧೈರ್ಯ ಇಲ್ಲ, ಆದರೂ ಕೇಳ್ತೀನಿ.

ಹೊಳೆದಂಡೆ

ನಿಮಗೇ ಬರೆಯೋಕೆ ಹೊರಟಿದ್ದೆ. ನೋಟೀಸು ಕಟ್ಟು ಎರಡನೇ ಟ್ರಂಕಲ್ಲಿತ್ತು, ನಿನ್ನೆಯಷ್ಟೇ ಬಿಚ್ಚಿದೆವು. ನೀವು ಹೇಳಿದ ಊರು ಇದೆ. ಹೆಸರೂ ಇದೆ. ಆದರೆ ಅದೇ ಊರಲ್ಲಿ ಆ ಹೆಸರಿನವರು ಇಬ್ಬರಿದ್ದಾರೆ. ಒಂದರಲ್ಲಿ ತಂದೆ ಹೆಸರು ಬರೆದ ಜಾಗ ವರಲೆ ತಿಂದಿದೆ, ಸರ್ವೆ ನಂಬರ್ ಮಾತ್ರ ಚೆನ್ನಾಗಿ ಕಾಣುತ್ತದೆ. ನಿಮ್ಮ ಮನೆಯಲ್ಲಿ ಆ ಊರಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ. ಗದ್ದೆ ಯಾವ ಮಗ್ಗುಲಲ್ಲಿತ್ತು, ಪಕ್ಕದ ಗದ್ದೆ ಯಾರದ್ದು ಅಂತ ನೆನಪಿದ್ದರೆ ಸಾಕು, ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ನೋಟೀಸಲ್ಲಿದೆ. ಹತ್ತು ಗಂಟೆ ಮೇಲೆ ಓದುಮನೆ ತೆಗೆದಿರುತ್ತದೆ.

ಅಡಿಕೆ ಚೀಲ

ಅತ್ತೆ ಇದ್ದಾರೆ. ಕಣ್ಣು ಮಂಜು, ನೆನಪು ಚೆನ್ನಾಗಿದೆ. ಶನಿವಾರ ರಾತ್ರಿ ಬಸ್ಸಿಗೆ ಕರೆದುಕೊಂಡು ಬರ್ತೀನಿ.